ಬೆಸುಗೆಯ ಮೇಜಿಗೊಂದು ಕರಟದ ದೀಪ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳ ಸೀಮೆಗೆ ಕಲ್ಪತರು ನಾಡೆಂಬ ಹೆಸರು ರೂಢಿಯಲ್ಲಿದೆ. ತುಮಕೂರಿನಿಂದ ಅರಸೀಕೆರೆಯ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಮೇಲೆ ಎರಡು ಪಕ್ಕಗಳಲ್ಲಿಯೂ ತೆಂಗಿನ ತೋಟಗಳ ಸಾಲು ಕಾಣತೊಡಗುತ್ತದೆ. ತೋಟದ ಸೊಬಗನ್ನು ಮೆಚ್ಚುವವರ ಕಣ್ಣು ಸಹಜವಾಗಿ ಮರದ ನೆತ್ತಿಗೆ ಏರುತ್ತದೆ. ನಾವು ಇಲ್ಲಿ ಓದುಗರ ಗಮನವನ್ನು ಸೆಳೆಯಬಯಸುವುದು ತೋಟದ ಮೂಲೆಯಲ್ಲಿರುವ ಪಂಪುಮನೆಯ ಕಡೆಗೆ. ಅದರ ಗೋಡೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇರುತ್ತದೆ. ರೈತರು ಅದನ್ನು ಸ್ಟಾರ್ಟರ್ ಎನ್ನುತ್ತಾರೆ. ಕೊಳವೆ ಬಾವಿಯ ಮೋಟಾರನ್ನು ಹೊರಡಿಸುವುದೂ ನಿಲ್ಲಿಸುವುದೂ ಅದರ ಕೆಲಸ. ಪಂಪಿಗೆ ಬೇಕಾದ ಮೂರು ಫೇಸುಗಳ ವಿದ್ಯುತ್ತು ತೋಟಗಳಿಗೆ ಇಡೀ ದಿನ ದೊರೆಯುವುದಿಲ್ಲ. ಸರದಿಯಂತೆ ಕೆಲವು ಗಂಟೆಗಳ ಕಾಲ ಬರುತ್ತದೆ, ಎಷ್ಟೋ ವೇಳೆ ರಾತ್ರಿಯಲ್ಲಿ ಬರುತ್ತದೆ. ಆದುದರಿಂದ ವಿದ್ಯುತ್ತು ಬಂದೊಡನೆ ತಾನಾಗಿಯೇ ಮೋಟಾರನ್ನು ಹೊರಡಿಸುವ, ಒಂದು ಫೇಸು ತಪ್ಪಿದರೆ ಮೋಟಾರು ಸುಡದಂತೆ ನಿಲ್ಲಿಸುವ, ಮನೆಯಲ್ಲಿ ಕುಳಿತವನ ಆಜ್ಞೆಯನ್ನು ಮೊಬೈಲ್ ಫೋನಿನ ಮೂಲಕ ಸ್ವೀಕರಿಸುವ ಎಲೆಕ್ಟ್ರಾನಿಕ್ ಹಲಗೆಗಳು ಈ ಪೆಟ್ಟಿಗೆಗಳೊಳಗೆ ಸೇರಿಕೊಂಡಿವೆ.

ಅಂಗೈಯಗಲದ ಈ ಹಲಗೆ ಕೆಟ್ಟರೆ ತೋಟಕ್ಕೆ ನೀರಿಲ್ಲ. ತೆಂಗು ಬೇಗನೆ ಸಾಯುವ ಮರವಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಪಟ್ಟ ಬಾಯಾರಿಕೆಯನ್ನು ಅದು ಬೇಗನೆ ಮರೆಯುವುದೂ ಇಲ್ಲ. ಹೊಂಬಾಳೆಯು ಸುಳಿಯೊಳಗೆ ಮೊದಲು ರೂಪುಗೊಳ್ಳುವುದು ಅದರ ಕಾಯಿ ಬಲಿಯುವುದಕ್ಕೆ ಮೂರು ವರ್ಷಗಳಿಗೂ ಮುಂಚೆ. ಹಾಗಾಗಿ ನೀರಿನ ಕೊರತೆಯು ಎಳೆಗಾಯಿ ಉದುರುವುದರಲ್ಲಿ ಒಡನೆಯೇ ಕಾಣುವುದಲ್ಲದೆ ಮುಂದಿನ ಎರಡು ಮೂರು ವರ್ಷಗಳ ಇಳುವರಿಯಲ್ಲಿಯೂ ತೋರುತ್ತದೆ. ಹಲಗೆ ಕೆಟ್ಟ ರೈತನು ಅದನ್ನು ಚೀಲದಲ್ಲಿಟ್ಟುಕೊಂಡು ಪೇಟೆಯ ರಿಪೇರಿ ಅಂಗಡಿಗೆ ಬರುವಾಗ ಅವನ ಅವಸರಕ್ಕೆ ಕಾರಣವಿದೆ.

ಇಷ್ಟೆಲ್ಲ ಅನರ್ಥಕ್ಕೆ ಮೂಲವಾದ ದೋಷವು ಬಹುಮಟ್ಟಿಗೆ ಎಷ್ಟು ದೊಡ್ಡದು? ಹಲಗೆಯ ಮೇಲೆ ರಿಲೇ ಎಂಬ ಒಂದು ಭಾಗವಿರುತ್ತದೆ. ಅದರ ಕಾಲುಗಳು ದಪ್ಪ. ಅವುಗಳಲ್ಲಿ ಹರಿಯುವ ವಿದ್ಯುತ್ತೂ ಹೆಚ್ಚು. ಮೋಟಾರು ಹೊರಡುವಾಗಲೆಲ್ಲ ಪೆಟ್ಟಿಗೆಯು ಟಕ್ಕೆಂದು ಅದುರುತ್ತದೆ. ಹಗಲು ಕಾದು ರಾತ್ರಿ ತಣಿಯುವುದರಿಂದ ಬೆಸುಗೆಯು ಹಿಗ್ಗಿ ಕುಗ್ಗುತ್ತದೆ. ವರ್ಷಗಳು ಕಳೆದಂತೆ ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದ ಆಕಾರದ ಒಂದು ಬಿರುಕು ಮೂಡುತ್ತದೆ. ಅದರ ಅಗಲ ಕೂದಲೆಳೆಗಿಂತಲೂ ಕಿರಿದು. ರಿಲೇ ಒಳ್ಳೆಯದು, ಹಲಗೆ ಒಳ್ಳೆಯದು. ಆ ಉಂಗುರವೊಂದೇ ಕೆಟ್ಟದ್ದು. ಒಂದು ಹನಿ ಹೊಸ ಬೆಸುಗೆಯಿಂದ ಅದು ಸರಿಹೋಗುತ್ತದೆ. ಆದರೆ ಅದು ಕಣ್ಣಿಗೆ ಬೀಳಬೇಕಲ್ಲ! ಚಾವಣಿಯಲ್ಲಿ ನೇತಾಡುವ ಟ್ಯೂಬ್‌ಲೈಟಿನ ಕೆಳಗೆ, ತನ್ನ ತಲೆಯ ನೆರಳು ತನ್ನ ಕೆಲಸದ ಮೇಲೆಯೇ ಬೀಳುವಂತೆ ಬಗ್ಗಿ ಕುಳಿತವನಿಗೆ ಅದು ಕಾಣುವುದಿಲ್ಲ. ಕಾಣದಿದ್ದರೆ ಇಡೀ ಹಲಗೆಯನ್ನೇ ಬದಲಾಯಿಸಬೇಕೆಂಬ ತೀರ್ಪು ಹೊರಡುತ್ತದೆ.

ಇಂಥ ಸೂಕ್ಷ್ಮವಾದ ಬೆಸುಗೆಯ ಕೆಲಸಕ್ಕೆ ಒಪ್ಪುವ ಒಂದು ಎಲ್.ಇ.ಡಿ. ದೀಪವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಅದರ ಬುರುಡೆಗೆ ಬೇಕಾದ ಮುಖ್ಯ ಸಾಮಗ್ರಿಯಂತೂ ಈ ಸೀಮೆಯಲ್ಲಿ ಒಲೆಗೆ ಹೋಗುತ್ತಿದೆ. ಮಾಡುವ ಕ್ರಮವನ್ನು ಹೇಳುವುದಕ್ಕೆ ಮೊದಲು ಬೆಳಕಿನ ವಿಷಯವಾಗಿ ಕೆಲವು ಮಾತುಗಳನ್ನು ಆಡುವುದು ಅವಶ್ಯ. ಏಕೆಂದರೆ ದೀಪವೆಂದರೆ ಉರಿದರೆ ಸಾಕು ಎಂಬ ಭಾವನೆಯೇ ನಮ್ಮಲ್ಲಿ ಬಲವಾಗಿದೆ.

ಬೆಳಕು ಎಷ್ಟಿರಬೇಕು?

ಒಂದು ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಓದುವುದಕ್ಕೆ 300ರಿಂದ 500 ಲಕ್ಸ್ ಸಾಕು. ಆದರೆ ಎಲೆಕ್ಟ್ರಾನಿಕ್ ಹಲಗೆಗಳ ಜೋಡಣೆಯಂತಹ ಸೂಕ್ಷ್ಮ ಕೆಲಸಕ್ಕೆ 1000ದಿಂದ 1500 ಲಕ್ಸ್ ಇರಬೇಕೆಂದು ದೀಪಶಾಸ್ತ್ರಜ್ಞರ ಮತ. ಒಂದು ಟ್ಯೂಬ್‌ಲೈಟಿನ ಕೋಣೆಯಲ್ಲಿ ಮೇಜಿನ ಮೇಲೆ ಬೀಳುವುದು ಸಾಮಾನ್ಯವಾಗಿ ನೂರಿನ್ನೂರು ಲಕ್ಸ್ ಮಾತ್ರ.

ಬೆಳಕು ಹೆಚ್ಚಾದರೆ ಕಣ್ಣಿಗೆ ಆಗುವ ಉಪಕಾರ ಎರಡು ಬಗೆಯದು. ವಸ್ತು ಹೊಳಪಾಗಿ ಕಾಣುವುದು ಒಂದು. ಇದು ಎಲ್ಲರಿಗೂ ತಿಳಿದದ್ದು. ಎರಡನೆಯದನ್ನು ಬಹಳ ಮಂದಿ ಗಮನಿಸಿರುವುದಿಲ್ಲ. ಬೆಳಕು ಹೆಚ್ಚಿದಾಗ ಕಣ್ಣಿನ ಪಾಪೆಯು ಕಿರಿದಾಗುತ್ತದೆ. ಪಾಪೆ ಕಿರಿದಾದರೆ, ಕ್ಯಾಮರಾದ ಕಿಂಡಿಯನ್ನು ಕಿರಿದು ಮಾಡಿದಂತೆಯೇ, ಹತ್ತಿರದ್ದೂ ಸ್ವಲ್ಪ ದೂರದ್ದೂ ಒಟ್ಟಿಗೆ ಸ್ಪಷ್ಟವಾಗುತ್ತವೆ. ಇದನ್ನು ಈಗಲೇ ಪರೀಕ್ಷಿಸಬಹುದು. ಒಂದು ರಟ್ಟಿನಲ್ಲಿ ಗುಂಡುಸೂಜಿಯಿಂದ ರಂಧ್ರ ಮಾಡಿರಿ. ಈ ಪುಟವನ್ನು ಅಕ್ಷರಗಳು ಮಸುಕಾಗುವಷ್ಟು ಕಣ್ಣಿನ ಹತ್ತಿರಕ್ಕೆ ತಂದು, ಬಳಿಕ ರಂಧ್ರದ ಮೂಲಕ ನೋಡಿರಿ. ಅಕ್ಷರಗಳು ಸ್ವಲ್ಪ ಕಪ್ಪಿಟ್ಟರೂ ಗೆರೆಗಳು ತಿಳಿಯಾಗುತ್ತವೆ. ನಲವತ್ತು ದಾಟಿ ಚಾಳೀಸು ಹಾಕಿಕೊಂಡವರು ಸೂಜಿಗೆ ದಾರ ಪೋಣಿಸಲು ಬಾಗಿಲ ಹೊರಗೆ ಬರುವುದರ ರಹಸ್ಯ ಇದೇ. ಅರವತ್ತರ ಹರೆಯದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ವಿದ್ಯಾರ್ಥಿಗಳಿಗೆ ಸಾಕೆನಿಸಿದ ದೀಪವು ಅಂಗಡಿಯ ಹಿರಿಯರಿಗೆ ಸಾಲದೆ ಹೋಗುವುದು ಅವರ ಹಟವಲ್ಲ.

ಬೆಳಕನ್ನು ಹೆಚ್ಚಿಸಲು ದೊಡ್ಡ ದೀಪವೇ ಬೇಕೆಂದಿಲ್ಲ. ಸಣ್ಣ ದೀಪವನ್ನು ಹತ್ತಿರಕ್ಕೆ ತಂದರೂ ಆಯಿತು. ದೂರವನ್ನು ಅರ್ಧ ಮಾಡಿದರೆ ಬೆಳಕು ನಾಲ್ಕರಷ್ಟಾಗುತ್ತದೆ ಎಂಬ ವಿಲೋಮ ವರ್ಗದ ನಿಯಮವನ್ನು ಓದುಗರು ಶಾಲೆಯಲ್ಲಿ ಕಲಿತಿರುತ್ತಾರೆ. ಚಾವಣಿಯ ದೀಪವು ಮೇಜಿಗೆ ಎರಡು ಮೀಟರು ದೂರ. ನಮ್ಮ ದೀಪವು ಕಾಲು ಮೀಟರು. ದೂರವು ಎಂಟನೆಯ ಒಂದು ಪಾಲಾದುದರಿಂದ ಅಷ್ಟೇ ಸಾಮರ್ಥ್ಯದ ಸಣ್ಣ ದೀಪವೊಂದು ಅರುವತ್ತನಾಲ್ಕರಷ್ಟು ಬೆಳಕನ್ನು ಕೊಡುತ್ತದೆ.

ಬೆಳಕು ಎತ್ತಣಿಂದ ಬರಬೇಕು?

ಪ್ರಮಾಣಕ್ಕಿಂತಲೂ ದಿಕ್ಕು ಮುಖ್ಯವೆಂದು ನಮ್ಮ ಅಭಿಪ್ರಾಯ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿದೆ. ಮೋಡ ಕವಿದ ದಿನ ಅದರ ಹೊರಗೋಡೆಯ ಶಿಲ್ಪಗಳನ್ನು ನೋಡಿದರೆ ಹಾರಗಳ ಕುಸುರಿಯೂ ಬಳ್ಳಿಯ ಕೊರೆತವೂ ಒಂದರೊಳಗೊಂದು ಸೇರಿ ಚಪ್ಪಟೆಯಾಗಿ ತೋರುತ್ತವೆ. ಬಿಸಿಲು ಓರೆಯಾಗಿ ಗೋಡೆಯನ್ನು ಸವರುವ ಹೊತ್ತಿನಲ್ಲಿ ಹೋಗಿ ನೋಡಿರಿ. ಪ್ರತಿಯೊಂದು ಗೆರೆಯೂ ತನ್ನ ನೆರಳಿನೊಡನೆ ಎದ್ದು ನಿಲ್ಲುತ್ತದೆ. ಕಲ್ಲು ಅದೇ, ಕಣ್ಣು ಅದೇ. ಬೆಳಕು ಬರುವ ಕೋನ ಮಾತ್ರ ಬೇರೆ. ಬೆಸುಗೆಯ ಉಂಗುರದ ಬಿರುಕು ಕೂಡ ಹೀಗೆಯೇ. ನೇರವಾಗಿ ಮೇಲಿನಿಂದ ಬಿದ್ದ ಬೆಳಕಿನಲ್ಲಿ ಅಡಗಿದ್ದು, ಬದಿಯಿಂದ ತಗ್ಗಿನ ಕೋನದಲ್ಲಿ ಬಂದ ಬೆಳಕಿನಲ್ಲಿ ಕಪ್ಪು ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಐ.ಸಿ.ಗಳ ಬೆನ್ನ ಮೇಲೆ ಲೇಸರಿನಿಂದ ಕೊರೆದ ಮಸುಕಾದ ಅಕ್ಷರಗಳನ್ನು ಓದುವ ಉಪಾಯವೂ ಇದೇ.

ಆದರೆ ಇಲ್ಲೊಂದು ತೊಡಕಿದೆ. ಬೆಸುಗೆಯ ಮೇಲ್ಮೈ ಕನ್ನಡಿಯಂತೆ ಹೊಳೆಯುವಂಥದು. ಒಂದೇ ಬಿಂದುವಿನಿಂದ ತೀಕ್ಷ್ಣವಾದ ಬೆಳಕು ಬಿದ್ದರೆ ಪ್ರತಿಯೊಂದು ಬೆಸುಗೆಯ ಮೇಲೂ ಒಂದೊಂದು ಸಣ್ಣ ಸೂರ್ಯ ಮೂಡಿ ಕಣ್ಣನ್ನು ಕುಕ್ಕುತ್ತದೆ. ಕೈಯ ನೆರಳೂ ಕಡುಕಪ್ಪಾಗಿ ಬೀಳುತ್ತದೆ. ಇದಕ್ಕೆ ಪರಿಹಾರ ಎರಡು. ದೀಪದ ಬಾಯಿಗೆ ಹಾಲುಬಣ್ಣದ ತೆರೆಯನ್ನು ಹಾಕಿ ಬೆಳಕನ್ನು ಮೃದುಮಾಡುವುದು ಮೊದಲನೆಯದು. ಎಡಕ್ಕೊಂದು ಬಲಕ್ಕೊಂದು ದೀಪವನ್ನಿಟ್ಟು ಒಂದರ ನೆರಳನ್ನು ಇನ್ನೊಂದರಿಂದ ತುಂಬುವುದು ಎರಡನೆಯದು. ನಮ್ಮ ದೀಪಕ್ಕೆ ಎರಡು ತಲೆಗಳಿರುವುದು ಈ ಕಾರಣದಿಂದ.

ಬೆಳಕಿನ ಬಣ್ಣದ ಗುಣವನ್ನೂ ಇಲ್ಲಿ ಹೇಳಬೇಕು. ರೆಸಿಸ್ಟರುಗಳ ಬೆಲೆಯನ್ನು ಬಣ್ಣದ ಪಟ್ಟೆಗಳಿಂದ ಸೂಚಿಸುವ ಪದ್ಧತಿಯಿದೆ: ಕಂದು ಎಂದರೆ 1, ಕೆಂಪು ಎಂದರೆ 2, ಕಿತ್ತಳೆ ಎಂದರೆ 3. ಕೆಂಪು, ಕೆಂಪು, ಕಂದು ಇದ್ದರೆ 220 ಓಮ್. ಕಿತ್ತಳೆ, ಕಿತ್ತಳೆ, ಕಂದು ಇದ್ದರೆ 330 ಓಮ್. ಅಗ್ಗದ ಎಲ್.ಇ.ಡಿ. ದೀಪದ ಕೆಳಗೆ ಈ ಮೂರು ಬಣ್ಣಗಳು ಒಂದನ್ನೊಂದು ಹೋಲತೊಡಗುತ್ತವೆ. ಇದಕ್ಕೆ ಕಾರಣವೇನೆಂಬುದನ್ನು ತಿಳಿಯಬೇಕಾದರೆ ಎಲ್.ಇ.ಡಿ.ಯ ಒಡಲನ್ನು ಸ್ವಲ್ಪ ನೋಡಬೇಕು.

ನೀಲಿಯಿಂದ ಹುಟ್ಟಿದ ಬಿಳಿ

ಕೆಲವು ಹರಳುಗಳ ಮೂಲಕ ವಿದ್ಯುತ್ತು ಹರಿದಾಗ ಅವು ಕಾಯದೆಯೇ ಬೆಳಗುತ್ತವೆಂಬುದನ್ನು 1907ರಲ್ಲಿ ಹೆನ್ರಿ ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರನು ಪ್ರಕಟಿಸಿದನು. 1920ರ ದಶಕದಲ್ಲಿ ರಷ್ಯದ ಒಲೆಗ್ ಲೋಸೆವ್ ಅದನ್ನು ಆಳವಾಗಿ ಪರಿಶೀಲಿಸಿದನು. ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಸೂಸುವ ಉಪಯುಕ್ತ ಡಯೋಡನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ನಿರ್ಮಿಸಿದನು. ಕೆಂಪು ಬಂತು, ಹಸಿರು ಬಂತು. ನೀಲಿ ಮಾತ್ರ ಬಹುಕಾಲ ಕೈಗೆ ಸಿಕ್ಕಲಿಲ್ಲ. ಜಪಾನಿನ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಮತ್ತು ಶೂಜಿ ನಾಕಾಮುರಾ ಗ್ಯಾಲಿಯಮ್ ನೈಟ್ರೈಡಿನ ಹರಳುಗಳಿಂದ ಅದನ್ನು ಸಾಧಿಸಿದರು. 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಈ ಮೂವರಿಗೆ ಸಂದಿತು. ನಮ್ಮ ಮನೆಗಳ ಬಿಳಿಯ ದೀಪವು ವಾಸ್ತವವಾಗಿ ನೀಲಿಯ ದೀಪವೇ. ನೀಲಿಯ ಹರಳಿನ ಮೇಲೆ ಹಳದಿ ಬೆಳಕನ್ನು ಸೂಸುವ ಒಂದು ಪುಡಿಯನ್ನು ಲೇಪಿಸಿರುತ್ತಾರೆ. ಲೇಪವನ್ನು ದಾಟಿದ ನೀಲಿಯೂ ಲೇಪದಿಂದ ಹುಟ್ಟಿದ ಹಳದಿಯೂ ಕೂಡಿ ಕಣ್ಣಿಗೆ ಬಿಳಿಯಾಗಿ ತೋರುತ್ತವೆ.

ಈ ಬಿಳಿಯಲ್ಲಿ ಗಾಢವಾದ ಕೆಂಪಿನ ಅಂಶ ಕಡಿಮೆ. ಬೆಳಕಿನಲ್ಲಿಯೇ ಕೆಂಪಿಲ್ಲದಿದ್ದರೆ ಕೆಂಪು ಪಟ್ಟೆಯು ಏನನ್ನು ತಾನೆ ಹಿಂದಿರುಗಿಸೀತು? ಅದು ಕಂದಾಗಿ ತೋರುತ್ತದೆ. ಬಣ್ಣಗಳನ್ನು ನಿಜವಾಗಿ ತೋರಿಸುವ ಶಕ್ತಿಯನ್ನು ವರ್ಣನಿಷ್ಠೆಯ ಅಂಕದಿಂದ ಸೂಚಿಸುತ್ತಾರೆ. ಅಂಗಡಿಯಲ್ಲಿ ಅದನ್ನು ಸಿ.ಆರ್.ಐ. ಎಂದು ಕೇಳಬೇಕು. ಪೂರ್ಣಾಂಕ 100. ಅಗ್ಗದವುಗಳಲ್ಲಿ ಅದು 70ರಷ್ಟು, ಸಾಮಾನ್ಯವಾದವುಗಳಲ್ಲಿ 80. ನಮ್ಮ ಕೆಲಸಕ್ಕೆ 90 ಅಥವಾ ಹೆಚ್ಚಿನದು ಬೇಕು. ಬೆಳಕಿನ ಛಾಯೆ 4000ದಿಂದ 5000 ಕೆಲ್ವಿನ್ ಇರಲಿ. ಅಂಕವನ್ನು ನಂಬಲು ಮನಸ್ಸಿಲ್ಲದವರು ಚಿಟಿಕೆ ಕುಂಕುಮವನ್ನೂ ಒಂದು ಅಡಕೆಯ ಹೋಳನ್ನೂ ಅಕ್ಕಪಕ್ಕದಲ್ಲಿಟ್ಟು, ಮೊದಲು ಹಗಲಿನಲ್ಲಿ, ಬಳಿಕ ದೀಪದಲ್ಲಿ ನೋಡಬಹುದು. ಕುಂಕುಮವು ಮಂಕಾದ ದೀಪ ನಮಗೆ ಬೇಡ.

ಮಿನುಗುವ ದೀಪವೂ ಬೇಡ. ಮನೆಯ ವಿದ್ಯುತ್ತು ಸೆಕೆಂಡಿಗೆ 100 ಸಲ ದಿಕ್ಕು ಬದಲಾಯಿಸುವುದರಿಂದ ಕಳಪೆ ದೀಪಗಳು ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತವೆ. ಅಂಥ ದೀಪದ ಮುಂದೆ ಪೆನ್ಸಿಲನ್ನು ಬೀಸಿದರೆ ಬೀಸಣಿಗೆಯ ಕಡ್ಡಿಗಳಂತೆ ಹಲವು ಪೆನ್ಸಿಲುಗಳು ಬಿಡಿಬಿಡಿಯಾಗಿ ಕಾಣುತ್ತವೆ. ಬ್ಯಾಟರಿಯಿಂದ ಉರಿಯುವ ದೀಪದಲ್ಲಿ ಈ ದೋಷವೇ ಇಲ್ಲ. ವಿದ್ಯುತ್ತು ಹೋದಾಗಲೂ ಕೆಲಸ ನಿಲ್ಲುವುದಿಲ್ಲವೆಂಬುದು ನಮ್ಮ ಊರುಗಳಲ್ಲಿ ಸಣ್ಣ ಲಾಭವೇನಲ್ಲ.

ವಿದ್ಯುತ್ತಿನ ಲೆಕ್ಕ

ನಮಗೆ ಬೇಕಾದುವು 1 ವಾಟಿನ ಬಿಳಿಯ ಎಲ್.ಇ.ಡಿ.ಗಳು ನಾಲ್ಕು, ಅಲ್ಯೂಮಿನಿಯಮ್ ಬಿಲ್ಲೆಯ ಮೇಲೆ ಕೂರಿಸಿದಂಥವು ಅನುಕೂಲ. ಒಂದೊಂದು ತಲೆಗೆ ಎರಡೆರಡು. 12 ವೋಲ್ಟಿನ, 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ ಒಂದು, ಅಥವಾ 1 ಆಂಪಿಯರ್ ಕೊಡಬಲ್ಲ 12 ವೋಲ್ಟಿನ ಅಡಾಪ್ಟರ್ ಒಂದು. ನೇರವಾಗಿ ಮನೆಯ 230 ವೋಲ್ಟಿನಿಂದ ಉರಿಸುವ ಮಂಡಲವನ್ನು ವಿದ್ಯಾರ್ಥಿಗಳು ಎಂದಿಗೂ ಪ್ರಯತ್ನಿಸಬಾರದು.

ಎಲ್.ಇ.ಡಿ.ಯ ಸ್ವಭಾವ ಸಾಮಾನ್ಯ ಬಲ್ಬಿನಂತಲ್ಲ. ಸುಮಾರು 3.1 ವೋಲ್ಟಿನಲ್ಲಿ ಅದು ಚೆನ್ನಾಗಿ ಬೆಳಗುತ್ತದೆ. ವೋಲ್ಟೇಜು ಕೊಂಚವೇ ಏರಿದರೂ ಅದರೊಳಗಿನ ಪ್ರವಾಹ ವಿಪರೀತವಾಗಿ ಏರುತ್ತದೆ. ಆದಕಾರಣ ಹತೋಟಿಯಲ್ಲಿಡಬೇಕಾದುದು ಪ್ರವಾಹವನ್ನು. ಒಂದು ರೆಸಿಸ್ಟರನ್ನು ಸೇರಿಸಿದರೆ ಸಾಲದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಮೂರು ಎಲ್.ಇ.ಡಿ.ಗಳನ್ನು ಸರಣಿಯಲ್ಲಿ ಜೋಡಿಸಿದರೆ ಅವುಗಳಿಗೆ 9.3 ವೋಲ್ಟ್ ಹೋಗಿ 12ರಲ್ಲಿ 2.7 ಉಳಿಯುತ್ತದೆ. 10 ಓಮಿನ ರೆಸಿಸ್ಟರನ್ನು ಹಾಕಿದರೆ ಪ್ರವಾಹ 0.27 ಆಂಪಿಯರ್; ಸರಿಯಾಯಿತು. ಆದರೆ ಚಾರ್ಜಾಗುತ್ತಿರುವ ಬ್ಯಾಟರಿಯ ವೋಲ್ಟೇಜು 14.4ರವರೆಗೆ ಏರುವುದುಂಟು. ಆಗ ಉಳಿಯುವುದು 5.1 ವೋಲ್ಟ್, ಪ್ರವಾಹ 0.51 ಆಂಪಿಯರ್, ಎಂದರೆ ಸುಮಾರು ಎರಡರಷ್ಟು! ಬಿಸಿಯೂ ಎರಡರಷ್ಟು. ದೀಪದ ಆಯುಸ್ಸು ಅಲ್ಲಿಗೆ ಮುಗಿಯತೊಡಗುತ್ತದೆ.

ಇದಕ್ಕೆ ಎಲ್.ಎಂ. 317 ಎಂಬ ಮೂರು ಕಾಲಿನ ಐ.ಸಿ. ಒಳ್ಳೆಯ ಉಪಾಯ. 1970ರ ದಶಕದಲ್ಲಿ ಬಂದ ಈ ಹಳೆಯ ಐ.ಸಿ. ಇಂದಿಗೂ ಎಲ್ಲ ರೇಡಿಯೋ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಕ್ಕುತ್ತದೆ. ತನ್ನ ಎರಡು ಕಾಲುಗಳ ನಡುವೆ ಯಾವಾಗಲೂ 1.25 ವೋಲ್ಟ್ ಇರುವಂತೆ ನೋಡಿಕೊಳ್ಳುವುದು ಅದರ ವ್ರತ. ಆ ಕಾಲುಗಳ ನಡುವೆ 4.7 ಓಮಿನ ರೆಸಿಸ್ಟರನ್ನು ಹಾಕಿದರೆ ಪ್ರವಾಹವು 1.25ನ್ನು 4.7ರಿಂದ ಭಾಗಿಸಿದಷ್ಟು, ಎಂದರೆ 0.266 ಆಂಪಿಯರಿಗೆ ನಿಲ್ಲುತ್ತದೆ. ಬ್ಯಾಟರಿ 11 ಇದ್ದರೂ ಅಷ್ಟೇ, 14 ಇದ್ದರೂ ಅಷ್ಟೇ. 1 ವಾಟಿನ ಎಲ್.ಇ.ಡಿ. 0.35 ಆಂಪಿಯರನ್ನು ತಾಳಬಲ್ಲದಾದರೂ ಅದನ್ನು ಸ್ವಲ್ಪ ಕಡಿಮೆಯಲ್ಲಿ ದುಡಿಸುವುದು ಮೇಲು. ತಂಪಾಗಿದ್ದಷ್ಟೂ ಅದು ಹೆಚ್ಚು ಕಾಲ ಬಾಳುತ್ತದೆ. ಐ.ಸಿ.ಗೆ ತನ್ನ ಪಾಲಿಗೆ ಸುಮಾರು 2 ವೋಲ್ಟ್, ರೆಸಿಸ್ಟರಿಗೆ 1.25, ಎರಡು ಎಲ್.ಇ.ಡಿ.ಗಳಿಗೆ 6.2, ಒಟ್ಟು ಸುಮಾರು 9.5 ವೋಲ್ಟ್ ಇದ್ದರೆ ಮಂಡಲ ನಡೆಯುತ್ತದೆ. ಸರಣಿಯಲ್ಲಿ ಮೂರನ್ನು ಬಿಟ್ಟು ಎರಡನ್ನೇ ಇಟ್ಟುದು ಈ ಕಾರಣಕ್ಕಾಗಿ. ಬ್ಯಾಟರಿಯ ಶಕ್ತಿಯಲ್ಲಿ ಅರ್ಧದಷ್ಟು ಐ.ಸಿ.ಯಲ್ಲಿಯೂ ರೆಸಿಸ್ಟರಿನಲ್ಲಿಯೂ ಬಿಸಿಯಾಗಿ ಹೋಗುತ್ತದೆಂಬುದು ನಿಜ. ಇದಕ್ಕಿಂತ ಮಿತವ್ಯಯದ ಸ್ವಿಚಿಂಗ್ ಮಂಡಲಗಳು ಸಿದ್ಧವಾಗಿ ದೊರೆಯುತ್ತವೆ. ಆದರೆ ಕಲಿಯುವವನಿಗೆ ತಾನು ಲೆಕ್ಕ ಹಾಕಿ ಮಾಡಿದ ಮಂಡಲದ ಸಂತೋಷವೇ ಬೇರೆ.

ಬೆಳಕಿನ ಲೆಕ್ಕವನ್ನೂ ನೋಡಿಬಿಡೋಣ. ಈ ಪ್ರವಾಹದಲ್ಲಿ ಒಂದು ಎಲ್.ಇ.ಡಿ. ಸುಮಾರು 80 ಲ್ಯೂಮೆನ್ ಕೊಟ್ಟರೆ ಒಂದು ತಲೆಗೆ 160 ಆಯಿತು. ಇಂಥ ಎಲ್.ಇ.ಡಿ.ಯ ಎದುರಿನ ತೀವ್ರತೆಯು ಲ್ಯೂಮೆನನ್ನು 3.14ರಿಂದ ಭಾಗಿಸಿದಷ್ಟು: ಸುಮಾರು 51 ಕ್ಯಾಂಡೆಲಾ. ಕಾಲು ಮೀಟರು ದೂರದಲ್ಲಿ ಅದು 51ನ್ನು 0.0625ರಿಂದ ಭಾಗಿಸಿದಷ್ಟು, ಎಂದರೆ 816 ಲಕ್ಸ್. ಬೆಳಕು 45 ಡಿಗ್ರಿ ಓರೆಯಾಗಿ ಬೀಳುವುದರಿಂದ ಅದರಲ್ಲಿ ಹತ್ತರಲ್ಲಿ ಏಳು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಎರಡು ತಲೆಗಳಿಂದ ಒಟ್ಟು 1150 ಲಕ್ಸ್. ಹಾಲುಬಣ್ಣದ ತೆರೆಯು ಒಂದಿಷ್ಟನ್ನು ನುಂಗಿದರೂ ಒಳಗಿನ ಬಿಳಿಯ ಬಳಿತವು ಸ್ವಲ್ಪವನ್ನು ಹಿಂದಕ್ಕೆ ಕೊಡುತ್ತದೆ. ಸಾವಿರದ ಆಸುಪಾಸಿನಲ್ಲಿ ನಿಂತರೆ ನಮಗೆ ತೃಪ್ತಿ.

ಕರಟದ ಕೆಲಸ

ದೀಪದ ಬುರುಡೆಗೆ ತೆಂಗಿನ ಕರಟ, ನಮ್ಮ ಕಡೆಯವರ ಮಾತಿನಲ್ಲಿ ಚಿಪ್ಪು. ಈ ಸೀಮೆಯಲ್ಲಿ ಉಂಡೆ ಕೊಬ್ಬರಿಗಾಗಿ ಕಾಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಕೊಬ್ಬರಿಗೆ ಏಟು ತಗಲದಂತೆ ಚಿಪ್ಪನ್ನು ಒಡೆದು ತೆಗೆಯುತ್ತಾರೆ. ಕೊಬ್ಬರಿ ಇಡಿಯಾಗಿ ಉಳಿಯುತ್ತದೆ, ಚಿಪ್ಪು ಚೂರಾಗುತ್ತದೆ. ಆ ಚೂರುಗಳು ನಮಗೆ ಕೆಲಸಕ್ಕೆ ಬಾರವು. ಅಡುಗೆಗೆ ತಂದ, ಗುಂಡಗಿರುವ ಎರಡು ಬಲಿತ ಕಾಯಿಗಳನ್ನು ಆರಿಸಿ, ಸುಲಿದು, ನಡುಭಾಗದಲ್ಲಿ ಗರಗಸದಿಂದ ಸುತ್ತಲೂ ಕೊಯ್ಯಬೇಕು. ಎರಡೇಕೆಂದರೆ ಕಣ್ಣುಗಳಿರುವುದು ಒಂದು ಕಾಯಿಯ ಒಂದೇ ಹೋಳಿನಲ್ಲಿ. ಮೂರು ಕಣ್ಣುಗಳ ಪೈಕಿ ಮೊಳಕೆ ಹೊರಬರುವ ಕಣ್ಣು ಮೆದು. ಕಡ್ಡಿಯಿಂದ ಚುಚ್ಚಿದರೆ ತೆರೆದುಕೊಳ್ಳುತ್ತದೆ. ತಂತಿಯನ್ನು ಹೊರತರಲು ಪ್ರಕೃತಿಯೇ ಕೊರೆದಿಟ್ಟ ರಂಧ್ರ ಅದು. ಕಾಯನ್ನು ಹೆರೆದ ಮೇಲೆ ಕರಟವನ್ನು ಬಿಸಿಲಿನಲ್ಲಿ ನಾಲ್ಕಾರು ದಿನ ಒಣಗಿಸಿರಿ. ಒಳಗೆ ತಿರುಳು ಉಳಿದರೆ ಬೂಷ್ಟು ಹಿಡಿದು ಇರುವೆ ಮುತ್ತುತ್ತದೆ. ಅಂಚನ್ನು ಕಲ್ಲಿನ ಮೇಲೆ ಉಜ್ಜಿ ಸಮಮಾಡಿ, ಹೊರಗಿನ ನಾರನ್ನು ಗಾಜಿನ ಚೂರಿನಿಂದ ಹೆರೆದು, ಒಳಗೆ ಹೊಳಪಿಲ್ಲದ ಬಿಳಿಯ ಬಣ್ಣವನ್ನು ಎರಡು ಸಲ ಬಳಿಯತಕ್ಕದ್ದು.

ಕರಟವು ಚೆಂದದ ಬುರುಡೆಯೇ ಹೊರತು ಬಿಸಿಯನ್ನು ಸಾಗಿಸುವ ಶಕ್ತಿ ಅದಕ್ಕಿಲ್ಲ. ಎಲ್.ಇ.ಡಿ.ಗೆ ಕೊಟ್ಟ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಬೆಳಕಾದರೆ ಉಳಿದುದೆಲ್ಲ ಬಿಸಿ. ಅದನ್ನು ಹೊರಗೊಯ್ಯುವ ಹೊಣೆ ಅಲ್ಯೂಮಿನಿಯಮ್ಮಿನದು. 2 ಮಿಲಿಮೀಟರು ದಪ್ಪ, 3 ಸೆಂಟಿಮೀಟರು ಅಗಲ, 16 ಸೆಂಟಿಮೀಟರು ಉದ್ದದ ಪಟ್ಟಿಯನ್ನು ತೆಗೆದುಕೊಂಡು, ಕರಟದ ಎದುರುಬದುರು ಅಂಚುಗಳಲ್ಲಿ ಕಚ್ಚು ಮಾಡಿ ಅಡ್ಡಲಾಗಿ ಹಾಯಿಸಿರಿ. ಎರಡು ತುದಿಗಳೂ ಮೂರು ಮೂರು ಸೆಂಟಿಮೀಟರು ಹೊರಗೆ ಗಾಳಿಗೆ ಚಾಚಿಕೊಂಡಿರಲಿ. ಪಟ್ಟಿಯ ನಡುವೆ, ಕರಟದ ಬಾಯಿಯ ಕಡೆಗೆ ಮುಖ ಮಾಡಿ, ಎರಡು ಎಲ್.ಇ.ಡಿ. ಬಿಲ್ಲೆಗಳನ್ನು ಉಷ್ಣವಾಹಕ ಪೇಸ್ಟು ಸವರಿ ತಿರುಪಿನಿಂದ ಬಿಗಿಯಬೇಕು. ಕಚ್ಚು ಒಂದು ಸೆಂಟಿಮೀಟರು ಆಳವಿದ್ದರೆ ಎಲ್.ಇ.ಡಿ. ಅಂಚಿನಿಂದ ಹೊರಕ್ಕೆ ಇಣುಕುವುದಿಲ್ಲ. ಬಾಯಿಗೆ ಮುಚ್ಚಲು ಕೆಟ್ಟುಹೋದ ಎಲ್.ಇ.ಡಿ. ಬಲ್ಬಿನ ಹಾಲುಬಣ್ಣದ ಟೋಪಿ ಅಥವಾ ಟ್ರೇಸಿಂಗ್ ಕಾಗದ ಸಾಕು. ಟೋಪಿಯನ್ನು ತೆಗೆದುಕೊಳ್ಳಿರಿ, ಬಲ್ಬಿನೊಳಗಿನ ಎಲ್.ಇ.ಡಿ.ಗಳ ಆಸೆ ಬೇಡ, ಅವುಗಳ ವೋಲ್ಟೇಜು ಬಗೆಬಗೆಯಾಗಿರುತ್ತದೆ.

ಪೀಠಕ್ಕೆ ಹಳೆಯ ತೆಂಗಿನ ದಿಮ್ಮಿಯ ತುಂಡಾಗಬಹುದು. ತೆಂಗಿನ ಕಾಂಡದಲ್ಲಿ ಹೊರಭಾಗ ಗಟ್ಟಿ ಮತ್ತು ಭಾರ, ನಡುಭಾಗ ಮೆದು. ಇತರ ಮರಗಳ ಚೇಗಿಗೆ ಇದು ವಿರುದ್ಧ. ಆದ್ದರಿಂದ ಹೊರಭಾಗದ ತುಂಡನ್ನೇ ಆರಿಸಬೇಕು. ಬೇಲಿಗೆ ಬಳಸುವ 8 ನಂಬರಿನ ಕಂಬಿಯನ್ನು ಎರಡೆಳೆಯಾಗಿ ಹೊಸೆದು ಅರ್ಧ ಮೀಟರು ಉದ್ದದ ಎರಡು ತೋಳುಗಳನ್ನು ಮಾಡಿ, ಪೀಠದ ಎರಡು ಬದಿಗಳಲ್ಲಿ ನೆಟ್ಟು, ತುದಿಯನ್ನು ಅಲ್ಯೂಮಿನಿಯಮ್ ಪಟ್ಟಿಗೆ ಬಿಗಿದರೆ ದೀಪವು ಬಗ್ಗಿಸಿದ ಕಡೆಗೆ ಬಗ್ಗಿ ನಿಲ್ಲುತ್ತದೆ.

ಎರಡು ಐ.ಸಿ.ಗಳನ್ನು ಪೀಠದ ಮೇಲೆ ನಿಲ್ಲಿಸಿದ 10 ಸೆಂಟಿಮೀಟರು ಚದರದ ಅಲ್ಯೂಮಿನಿಯಮ್ ತಗಡಿಗೆ ಬಿಗಿಯಿರಿ. ಐ.ಸಿ.ಯ ಬೆನ್ನಿನ ಲೋಹವು ಒಳಗೆ ನಡುಗಾಲಿಗೆ ಸೇರಿರುವುದರಿಂದ ನಡುವೆ ಅಭ್ರಕದ ತೆಳುಹಾಳೆಯನ್ನೂ ತಿರುಪಿಗೆ ಪ್ಲಾಸ್ಟಿಕ್ ಬಳೆಯನ್ನೂ ಹಾಕುವುದನ್ನು ಮರೆಯಬಾರದು. ಅಕ್ಷರಗಳು ನಮ್ಮ ಕಡೆಗಿರುವಂತೆ, ಕಾಲುಗಳು ಕೆಳಕ್ಕಿರುವಂತೆ ಹಿಡಿದರೆ ಎಡಗಾಲು ಹೊಂದಾಣಿಕೆಯದು, ನಡುಗಾಲು ಹೊರಹರಿವಿನದು, ಬಲಗಾಲು ಒಳಹರಿವಿನದು. ಬ್ಯಾಟರಿಯ ಧನಧ್ರುವದಿಂದ 1 ಆಂಪಿಯರಿನ ಫ್ಯೂಸು, ಅಲ್ಲಿಂದ ಸ್ವಿಚ್ಚು, ಅಲ್ಲಿಂದ ಬಲಗಾಲು. ನಡುಗಾಲಿಗೂ ಎಡಗಾಲಿಗೂ ನಡುವೆ 4.7 ಓಮಿನ, 1 ವಾಟಿನ ರೆಸಿಸ್ಟರು. ಎಡಗಾಲಿನಿಂದ ಮೊದಲನೆಯ ಎಲ್.ಇ.ಡಿ.ಯ ಧನಕ್ಕೆ, ಅದರ ಋಣದಿಂದ ಎರಡನೆಯದರ ಧನಕ್ಕೆ, ಎರಡನೆಯದರ ಋಣದಿಂದ ಬ್ಯಾಟರಿಯ ಋಣಕ್ಕೆ. ಬಲಗಾಲಿಗೂ ಬ್ಯಾಟರಿಯ ಋಣಕ್ಕೂ ನಡುವೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರು ಇರಲಿ. ಇನ್ನೊಂದು ತಲೆಗೂ ಇದೇ ಕ್ರಮ. ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಡಬೇಕು. ಸಣ್ಣ ಬ್ಯಾಟರಿಯೂ ತಂತಿಗಳು ಕೂಡಿಕೊಂಡರೆ ಬೆಂಕಿ ಹೊತ್ತಿಸಬಲ್ಲದು.

ಎಲ್.ಇ.ಡಿ.ಗಳನ್ನು ಸೇರಿಸುವ ಮೊದಲು ಅವುಗಳ ಸ್ಥಾನದಲ್ಲಿ ಮಲ್ಟಿಮೀಟರನ್ನು 10 ಆಂಪಿಯರಿನ ವ್ಯಾಪ್ತಿಯಲ್ಲಿಟ್ಟು ಎರಡು ಮೂರು ಸೆಕೆಂಡು ನೋಡಿರಿ. 0.25ರಿಂದ 0.28ರೊಳಗೆ ತೋರಿಸಿದರೆ ಮಂಡಲ ಸರಿಯಾಗಿದೆ. ದೀಪ ಹೊತ್ತಿಸಿ ಅರ್ಧ ಗಂಟೆಯಾದ ಮೇಲೆ ಪಟ್ಟಿಯ ತುದಿಯನ್ನು ಬೆರಳಿನಿಂದ ಮುಟ್ಟಿರಿ. ಬೆಚ್ಚಗಿರಬಹುದು, ಬೆರಳು ನಿಲ್ಲದಷ್ಟು ಬಿಸಿಯಿರಬಾರದು.

ಎರಡು ತಲೆಗಳಿಗೂ ಸೇರಿ ಪ್ರವಾಹ 0.53 ಆಂಪಿಯರ್. ಲೆಕ್ಕದ ಪ್ರಕಾರ ಬ್ಯಾಟರಿ 13 ಗಂಟೆ ಬರಬೇಕು; ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದುದರಿಂದ ಆರು ಗಂಟೆಯೆಂದು ಇಟ್ಟುಕೊಳ್ಳೋಣ. ಇಲ್ಲಿ ಒಂದು ಮೋಸವಿದೆ. ಹಳೆಯ ಟಾರ್ಚು ಬ್ಯಾಟರಿ ಸೋತಂತೆ ಕೆಂಪಗಾಗಿ ಎಚ್ಚರಿಸುತ್ತಿತ್ತು. ನಮ್ಮ ದೀಪವು ಪ್ರವಾಹವನ್ನು ಸ್ಥಿರವಾಗಿ ಹಿಡಿದಿರುವುದರಿಂದ ಕೊನೆಯವರೆಗೆ ಒಂದೇ ಸಮನೆ ಬೆಳಗಿ ಬ್ಯಾಟರಿಯ ನಿಶ್ಶಕ್ತಿಯನ್ನು ಮುಚ್ಚಿಡುತ್ತದೆ. ಪುಟ್ಟ ವೋಲ್ಟ್‌ಮೀಟರೊಂದನ್ನು ಪೀಠಕ್ಕೆ ಕೂರಿಸಿ, ಅದು 12.0ಕ್ಕೆ ಇಳಿದಾಗ ಚಾರ್ಜಿಗೆ ಹಾಕುವುದು ಕ್ಷೇಮ.

ಮೇಜಿನ ಬಳಿ

ತಲೆಗಳ ಅಂಚು ನಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗಿರಲಿ. ದೀಪ ಬೆಳಗಬೇಕಾದುದು ಕೆಲಸವನ್ನು, ಮುಖವನ್ನಲ್ಲ. ಬೆಸೆಯುವಾಗ ಎರಡು ತಲೆಗಳೂ ಉರಿಯಲಿ. ಬೆಸುಗೆಯನ್ನು ಪರೀಕ್ಷಿಸುವಾಗ ಒಂದನ್ನು ಆರಿಸಿ, ಇನ್ನೊಂದನ್ನು ಹಲಗೆಯ ಮಟ್ಟಕ್ಕೆ ತಗ್ಗಿಸಿ, ಹಲಗೆಯನ್ನು ನಿಧಾನವಾಗಿ ತಿರುಗಿಸಿರಿ. ಒಳ್ಳೆಯ ಬೆಸುಗೆಯ ಇಳಿಜಾರು ಕಾಲಿನಿಂದ ತಳಕ್ಕೆ ಒಳಬಾಗಿದ ನಯವಾದ ಗೆರೆಯಾಗಿ ಹರಿದಿರುತ್ತದೆ. ಕಾವು ಸಾಲದ ಬೆಸುಗೆ ಮಣಿಯಂತೆ ಉಬ್ಬಿ ಕುಳಿತಿರುತ್ತದೆ. ಸೀಸ ಬೆರೆತ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ಸಿನ ಸುಮಾರಿಗೂ, ಸೀಸವಿಲ್ಲದ್ದು 217ರ ಮೇಲೂ ಕರಗುತ್ತದೆ. ಸೀಸವಿಲ್ಲದ ಬೆಸುಗೆ ಸ್ವಭಾವದಿಂದಲೇ ಮಂಕಾಗಿರುತ್ತದೆಯಾದ್ದರಿಂದ ಹೊಳಪನ್ನು ಬಿಟ್ಟು ಆಕಾರವನ್ನು ನೋಡುವುದೇ ಸರಿಯಾದ ಪರೀಕ್ಷೆ.

ಅಂಗಡಿಗಳಲ್ಲಿ ಲೆಡ್ ಎಂದೇ ಕರೆಯುವ ಬೆಸುಗೆಯ ತಂತಿಯಲ್ಲಿ ಸೀಸವಿರುವುದು ಹೆಸರಿನಿಂದಲೇ ತಿಳಿಯುತ್ತದೆ. ಕೈತೊಳೆಯದೆ ಏನನ್ನೂ ತಿನ್ನಬಾರದು. ಬೆಸುಗೆಯ ಮೇಜಿನ ಮೇಲೆ ಕೊಬ್ಬರಿ ಬೆಲ್ಲದ ತಟ್ಟೆ ಎಂದಿಗೂ ಕೂಡದು. ರಾಳದ ಹೊಗೆ ಶ್ವಾಸಕೋಶಕ್ಕೆ ಕೆಡುಕು. ಅದನ್ನು ಪಕ್ಕಕ್ಕೆ ಎಳೆಯುವ ಚಿಕ್ಕ ಫ್ಯಾನೊಂದಿರಲಿ. ಸ್ಟಾರ್ಟರಿನ ಹಲಗೆಯನ್ನು ಮೂರು ಫೇಸುಗಳೂ ಕಡಿದುಹೋಗಿವೆಯೆಂದು ಖಚಿತಪಡಿಸಿಕೊಂಡು, ತಿಳಿದವರ ಕೈಯಿಂದಲೇ ಬಿಚ್ಚಿಸತಕ್ಕದ್ದು. ಅಲ್ಲಿರುವುದು 415 ವೋಲ್ಟ್. ಬಿಚ್ಚಿದ ಮೇಲೂ ದೊಡ್ಡ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುತ್ತದೆ.

ಕಣ್ಣಿಲ್ಲದ ಎರಡು ಹೋಳುಗಳು ಉಳಿದವಲ್ಲ, ಅವು ವ್ಯರ್ಥವಲ್ಲ. ಒಂದರಲ್ಲಿ ತಿರುಪುಗಳನ್ನೂ ಇನ್ನೊಂದರಲ್ಲಿ ರಾಳವನ್ನೂ ಇಡಬಹುದು. ದೀಪ ಸಿದ್ಧವಾದ ಮೇಲೆ ಅದರ ಕೆಳಗೆ ಮೊದಲು ಇಟ್ಟು ನೋಡತಕ್ಕದ್ದು ಐ.ಸಿ.ಗಳನ್ನು ಬಿಗಿದ ಆ ತಗಡನ್ನೇ. ಏಕೆಂದರೆ ಅದರ ಬೆಸುಗೆಗಳನ್ನೆಲ್ಲ ನಾವು ಹಳೆಯ ಬೆಳಕಿನಲ್ಲಿ ಮಾಡಿರುತ್ತೇವೆ.